ಚಿತ್ತಮ್ಮನ ಮುಯ್ಯಾಳು

ಶ್ರಾವಣದ ಎರಡು ಹದ ಮಳೆ ಬಿದ್ದು, ಹೇಮಾವತಿ ಊರಿನ ದಾರಿಯ ಕೆಂಪು ಹೊಲಗಳಲ್ಲಿ ಕಡಲೆಕಾಯಿ ಗಿಡ ಹೂವಿಗೆ ಬಂದಿತ್ತು. ಕಳೆ ಗಿಡಕ್ಕಿಂತ ಜೋರಾಗಿ ಎದ್ದಿತ್ತು. ಚಿತ್ತಮ್ಮ ಕದಿರಮ್ಮನ ಹೊಲದಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತ ಕಳೆ ಕೀಳುತ್ತಿದ್ದಳು. ಕೂಲಿಗಲ್ಲ, ಮುಯ್ಯಾಳಿಗೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಚಿತ್ತಮ್ಮ, ಕದಿರಮ್ಮ, ಪಕ್ಕದ ಸಾಲುಗಳಲ್ಲಿದ್ದ ಇನ್ನಿಬ್ಬರು, ಈ ನಾಲ್ಕು ಹೆಂಗಸರ ನಡುವೆ ಈ ಲೆಕ್ಕ ಎಂದೂ ಪೂರ್ತಿ ಚುಕ್ತಾ ಆದದ್ದಿಲ್ಲ. ಯಾರ ಮೇಲಾದರೂ ಒಂದು ದಿನ ಉಳಿದಿದ್ದರೇ ಮತ್ತೆ ಕರೆಯುವ ಸಲುಗೆ. ಈಗ ಮೂವರೂ ಚಿತ್ತಮ್ಮನಿಗೆ ಬಾಕಿ ಇದ್ದರು.

ಗಡಿಯಲ್ಲಿ ಯುದ್ಧ ಶುರುವಾಗಿ ವಾರವಾಗಿತ್ತು. ಮಿಲಿಟ್ರಿ ಸೇರಿದ್ದ ಅವಳ ಮಗ ಸೀನ ಅಲ್ಲಿದ್ದ, ಅವನ ಫೋನು ಸತ್ತಿತ್ತು. ಹಿಂದಿನ ಸಂಜೆ ಟೀವಿಯಲ್ಲಿ ಗಡಿಯಾಚೆಯ ಯಾವುದೋ ಪಟ್ಟಣ ಉರಿಯುವುದನ್ನು ತೋರಿಸಿದರೆಂದು ಊರ ಹುಡುಗರು ಪಟಾಕಿ ಹೊಡೆದಿದ್ದರು.

“ನನ್ ಮುಯ್ಯಿ ಹೊಲದಾಗೆ ತೀರ್ಸ್‌ಬ್ಯಾಡ್ರೇ,” ಅಂದಳು ಚಿತ್ತಮ್ಮ. “ಸಂಜೆ ರೋಡಿಗೆ ಬನ್ನಿ. ದೀಪ ಹಿಡ್ಕೊಂಡು ಒಂದು ಗಳಿಗೆ ನನ್ ಜತೆ ನಿಂತ್ಕಳ್ಳಿ. ಯುದ್ಧ ಬ್ಯಾಡ ಅನ್ನಾನ.”

“ನಾವಿಲ್ಲಿ ಬ್ಯಾಡ ಅಂದ್ರೆ ಅಲ್ಲಿ ನಿಂತೋಯ್ತದಾ?” ಅಂದಳು ಪಕ್ಕದ ಸಾಲಿನವಳು.

“ನಿಲ್ಲಾಕಿಲ್ಲ. ನಂಗೊಬ್ಳಿಗೇ ಬ್ಯಾಡ್ವಾ, ಊರಿಗೂ ಬ್ಯಾಡ್ವಾ, ಅಷ್ಟು ಗೊತ್ತಾಗ್ಲಿ.”

ಕದಿರಮ್ಮ ನಕ್ಕಳು. “ದಿನಾಪೂರ್ತಿ ಬಗ್ಗೋದು ಬಿಟ್ಟು ಒಂದು ಗಳಿಗೆ ನಿಲ್ಲೋದಾ? ಅಗ್ಗಕ್ಕೆ ಸಿಕ್ತು ಬುಡಕ್ಕ!”

ಸಂಜೆ ನಾಲ್ವರೂ ಬಸ್‌ಸ್ಟಾಪಿನ ಪಕ್ಕ ದೀಪಕ್ಕೆ ಸೆರಗು ಮರೆಮಾಡಿ ನಿಂತರು. ಮಡಕಶಿರಾ ಬಸ್ಸಿನವನು ನಿಧಾನ ಮಾಡಿ, “ಯಾವ ದೇವ್ರಿಗಮ್ಮಾ?” ಅಂದ. ಯಾರೂ ಉತ್ತರ ಕೊಡುವ ಮುಂಚೆ ಬಸ್ಸು ಹೋಯಿತು. ಅದರ ಧೂಳಿನ ಹಿಂದೆ ಬೈಕಿನಲ್ಲಿ ಬಂದವನು ಕದಿರಮ್ಮನ ಗಂಡ ಲಕ್ಷ್ಮೀನರಸಪ್ಪ. ಪಟಾಕಿ ಹೊಡೆದ ಹುಡುಗರೂ ಹಿಂದೆಯೇ ಇದ್ದರು.

“ಏನ್ ಚಿತ್ತಕ್ಕ, ತಿಂಗ್ಳು ತಿಂಗ್ಳು ಮಿಲಿಟ್ರಿ ಸಂಬಳ ಬೇಕು, ಯುದ್ಧ ಬ್ಯಾಡ್ವಾ?”

“ನಿನ್ ಮಗನ್ನೂ ಕಳಿಸಪ್ಪ. ಸಂಬಳ ನೀನೇ ಎಣಿಸ್ಕೊ.”

ಹುಡುಗರಲ್ಲೊಬ್ಬ ಕಿಸಕ್ಕೆಂದ. ಲಕ್ಷ್ಮೀನರಸಪ್ಪನ ಮುಖ ಕಪ್ಪಿಟ್ಟಿತು. ಅವನು ಹೆಂಡತಿಯ ಕಡೆ ತಿರುಗಿದ. “ಹತ್ತೇ ಬೈಕು. ದೇಶಕ್ಕೆ ಎದುರಾಗಿ ನಿಂತೋರ ಮನೆ ಅಂತ ನಾಳೆ ಊರೆಲ್ಲ ಉಗೀತದೆ.”

ಕದಿರಮ್ಮ ಉಫ್ ಎಂದು ದೀಪ ಆರಿಸಿದಳು. ಉಳಿದಿಬ್ಬರು ಎಣ್ಣೆ ಚೆಲ್ಲಿ ಹಣತೆಗಳನ್ನು ಮಡಿಲಿಗೆ ಹಾಕಿಕೊಂಡು ನಡೆದರು.

ಬೆಳಿಗ್ಗೆ ಚಿತ್ತಮ್ಮ ತನ್ನ ಹೊಲಕ್ಕೆ ಹೋದಾಗ ಮೂವರೂ ಆಗಲೇ ಅರ್ಧ ಸಾಲು ಕಿತ್ತು ಮುಗಿಸಿದ್ದರು. ಯಾರೂ ತಲೆ ಎತ್ತಲಿಲ್ಲ.

“ನಾನು ಕರೀಲಿಲ್ವಲ್ರೇ.”

“ಮುಯ್ಯಿ ಇಟ್ಕಬ್ಯಾಡ, ಇವತ್ತೇ ತೀರ್ಸ್ಬುಡು ಅಂದ್ರು ನಮ್ಮನೇಲಿ,” ಅಂದಳು ಕದಿರಮ್ಮ ನೆಲಕ್ಕೆ.

ಮಧ್ಯಾಹ್ನ ಚಿತ್ತಮ್ಮ ಬಿಸಿ ಮುದ್ದೆ, ಹುರುಳಿ ಸಾರು ಹೊತ್ತು ತಂದಳು. ಅವರು ಬದುವಿನ ಆ ತುದಿಯಲ್ಲಿ ತಮ್ಮ ತಮ್ಮ ಬುತ್ತಿ ಬಿಚ್ಚಿಕೊಂಡಿದ್ದರು.

“ಒಂದು ತುತ್ತು, ಕದಿರೀ.”

“ಬ್ಯಾಡ ಬುಡಕ್ಕ. ತಿಂದ್ರೆ ಮತ್ತೆ ಋಣ.”

ಹೊತ್ತು ಇಳಿಯುವಷ್ಟರಲ್ಲಿ ಹೊಲ ಬಾಚಿದ ತಲೆಯ ಹಾಗೆ ಚೊಕ್ಕಟವಾಗಿತ್ತು. ಹುಡುಕಿದರೂ ಒಂದು ಕಳೆ ಇಲ್ಲ, ಅಷ್ಟು ನಿಯತ್ತಿನ ಕೆಲಸ. ಮೂವರೂ ಸೆರಗು ಕೊಡವಿ, ಬರ್ತೀವಿ ಅನ್ನದೆ ಹೋದರು. ಚಿತ್ತಮ್ಮನಿಗೆ ಈಗ ಊರಲ್ಲಿ ಯಾರೂ ಬಾಕಿ ಇರಲಿಲ್ಲ.