ಕಲ್ಲಿದ್ದಲು ಅಜ್ಜಿಯ ಅಂಗಡಿ

ಸಾದಾ ನೂಡಲ್ಸ್ ಒಂದು ಬಟ್ಟಲಿಗೆ ಎಂಟು ಯುವಾನ್. ಮೇಲೆ ಬೇಯಿಸಿದ ಬಟಾಣಿ, ಹುರಿದ ಕೈಮಾ ಹಾಕಿದರೆ ಹದಿಮೂರು. ಕರಿದ ಮೊಟ್ಟೆ ಬೇಕೆಂದರೆ ಇನ್ನೆರಡು. ಅಂಗಡಿಯ ಬಾಡಿಗೆ ತಿಂಗಳಿಗೆ ನಾಲ್ಕೂವರೆ ಸಾವಿರ, ಹೊಸ ವರ್ಷದ ಹಬ್ಬ ಮುಗಿದ ಕೂಡಲೇ ಮಾಲೀಕ ಅದನ್ನು ಏರಿಸುತ್ತಾನೆ. ಮೆಣಸಿನಕಾಯಿ, ಎಣ್ಣೆ, ಗ್ಯಾಸು ಎಲ್ಲ ಕಳೆದು ಉಳಿಯುವುದು ಮನೆ ನಡೆಸಲಿಕ್ಕೆ ಸಾಕು, ಉದುರಿದ ಹಲ್ಲು ಕಟ್ಟಿಸಿಕೊಳ್ಳಲಿಕ್ಕೆ ಸಾಲದು. ರಾನ್ ಅಜ್ಜಿಯ ಬೈಗುಳ ಮಾತ್ರ ಪುಕ್ಕಟೆ.

ಚೊಂಗ್‌ಚಿಂಗ್ ನಗರದಲ್ಲಿ ನದಿಯ ದಂಡೆಯ ರಸ್ತೆಗೂ ಮೇಲಿನ ಬಸ್ಸಿನ ರಸ್ತೆಗೂ ನಡುವೆ ಒಂದು ಮೆಟ್ಟಿಲ ಓಣಿ. ಅದರ ಅರ್ಧದಲ್ಲಿ ಈ ಅಂಗಡಿ. ಒಳಗೆ ಒಲೆಗಳಿಗಷ್ಟೇ ಜಾಗ, ಅದರ ಹಿಂದೆಯೇ ಮನೆ. ಗಿರಾಕಿಗಳು ಹೊರಗೆ ಮೆಟ್ಟಿಲ ಮೇಲೆ ಎತ್ತರದ ಪ್ಲಾಸ್ಟಿಕ್ ಸ್ಟೂಲನ್ನು ಮೇಜು ಮಾಡಿಕೊಂಡು, ಗಿಡ್ಡ ಸ್ಟೂಲಿನ ಮೇಲೆ ಕುಕ್ಕರಿಸಿ ತಿನ್ನುತ್ತಾರೆ. ನೂಡಲ್ಸ್ ಬೇಯಿಸುವವಳು ಸೊಸೆ ಪೇಲಾನ್. ಬಟ್ಟಲಿಗೆ ಖಾರದೆಣ್ಣೆ, ಈರುಳ್ಳಿಸೊಪ್ಪು ಹಾಕಿ ಕೊಡುವವಳು, ಕೊಡುತ್ತಾ ಬೈಯುವವಳು, ಅತ್ತೆ ರಾನ್ ಅಜ್ಜಿ.

ಬೈಗುಳ ಎಂದರೆ ಕೆಟ್ಟದ್ದಲ್ಲ. ಆ ಊರಿನಲ್ಲಿ ಹೆಂಗಸರು ಮೆಲ್ಲಗೆ ಮಾತಾಡಿದರೆ ಮೈಗೆ ಹುಷಾರಿಲ್ಲವಾ ಎಂದು ಕೇಳುತ್ತಾರೆ. "ಖಾರ ಕಮ್ಮಿ ಬೇಕಾ? ಖಾರ ಬೇಡದೋನು ಈ ಊರಿಗ್ಯಾಕೆ ಬಂದೆ, ನಿಮ್ಮೂರಲ್ಲಿ ಗಂಜಿ ಮುಗಿದು ಹೋಗಿತ್ತಾ?" "ಫೋನಿಗೆ ತಿನ್ನಿಸ್ತೀಯೋ, ನೀನು ತಿಂತೀಯೋ? ನೋಡು, ಉಬ್ಬಿ ಹಗ್ಗ ಆಯ್ತು!" ಹೀಗೆ. ಬೈಸಿಕೊಂಡವರು ನಗುತ್ತಾ ತಿಂದು ಹೋಗುತ್ತಿದ್ದರು.

ಪೇಲಾನ್ ಬೆಟ್ಟದ ಮೇಲಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಅವಳಿಗೆ ಆರು ವರ್ಷವಿದ್ದಾಗಲೇ ಹೆತ್ತವಳು ತೀರಿಹೋಗಿದ್ದಳು. ಚಿಕ್ಕಮ್ಮಂದಿರ ಮನೆಯಲ್ಲಿ ಬೆಳೆದವಳಿಗೆ ಯಾರೂ ಬೈದಿರಲಿಲ್ಲ, ಊಟ ಹಾಕಿ ಸುಮ್ಮನಿರುತ್ತಿದ್ದರು. ಮದುವೆಯಾದ ಮಾರನೇ ದಿನವೇ ಅತ್ತೆ ಒಲೆಯ ಮುಂದೆ ನಿಲ್ಲಿಸಿ, "ಇದೇನು ನೀರು ಕುದಿಸೋದಾ, ಹೆಣಕ್ಕೆ ಸ್ನಾನ ಮಾಡ್ಸೋದಾ? ಉರಿ ಜಾಸ್ತಿ ಮಾಡೇ ಬೆಟ್ಟದ ಮೇಕೆ!" ಎಂದಾಗ ಪೇಲಾನ್‌ಗೆ ಅಳು ಬಂದಿತ್ತು. ಬೇಜಾರಿಗಲ್ಲ. ತಪ್ಪು ಮಾಡಿದರೆ ತಿದ್ದುವವರು ಒಬ್ಬರು ಸಿಕ್ಕರು ಎಂದು.

ಅದಾಗಿ ಇಪ್ಪತ್ತೆರಡು ವರ್ಷ.

ಕಳೆದ ನವೆಂಬರಿನಲ್ಲಿ, ನದಿಯ ಮೇಲೆ ಮಂಜು ಕೂತಿದ್ದ ಒಂದು ಬೆಳಗ್ಗೆ, ಷೆನ್ ಎಂಬುವನು ಬಂದ. ಊರೂರು ಸುತ್ತಿ, ತಿಂಡಿ ತಿಂದು, ತಿಂದದ್ದನ್ನು ಫೋನಿನಲ್ಲಿ ತೋರಿಸುವುದೇ ಅವನ ಕಸುಬು. ಫೋನನ್ನು ಕೋಲಿಗೆ ಸಿಕ್ಕಿಸಿಕೊಂಡು, "ಅಜ್ಜೀ, ಒಂದು ಬಟ್ಟಲು, ಖಾರ ಕಮ್ಮಿ" ಎಂದ. ಬೈಸಿಕೊಳ್ಳಬೇಕೆಂದೇ ಹಾಗೆ ಕೇಳಿದ್ದ.

ಅಜ್ಜಿ ಅವನ ಮುಖವನ್ನೇ ದಿಟ್ಟಿಸಿದಳು. ಕೈಯಲ್ಲಿದ್ದ ಸೌಟು ಮೇಲೆದ್ದಿತು. "ಕಲ್ಲಿದ್ದಲು ವಾಪಸ್ ಕೊಡೋ ಕಳ್ಳ! ಎಣಿಸಿ ಇಟ್ಟಿದ್ದೆ ನಾನು! ಮನೇಲಿ ಮಗು ಇದೆ, ನೀರು ಕಾಯಿಸೋದು ಹ್ಯಾಗೆ? ಕೊಡು!" ಷೆನ್ ನಗುತ್ತಾ ಮೆಟ್ಟಿಲು ಹತ್ತಿ ಓಡಿದ. ಅಜ್ಜಿ ಸೌಟು ಹಿಡಿದು ಬೆನ್ನಟ್ಟಿದಳು. ಫೋನು ಎಲ್ಲವನ್ನೂ ನೋಡುತ್ತಿತ್ತು.

ಸಂಜೆಯೊಳಗೆ ಅದನ್ನು ದೇಶವೆಲ್ಲ ನೋಡಿತು. ಪೇಲಾನ್‌ಳ ಗಂಡ ದಾಯೋಂಗ್ ಬಾಡಿಗೆ ಕಾರು ಓಡಿಸುವವನು. ಸಿಗ್ನಲ್ಲಿನಲ್ಲಿ ಅವನ ಕಾರಿನ ಹಿಂದಿನ ಸೀಟಿನಲ್ಲಿದ್ದ ಹುಡುಗಿಯರೇ, "ಕಲ್ಲಿದ್ದಲು ವಾಪಸ್ ಕೊಡೋ ಕಳ್ಳ!" ಎಂದು ಒಬ್ಬರಿಗೊಬ್ಬರು ಕೂಗಿ ನಗುತ್ತಿದ್ದರಂತೆ.

"ನಮ್ಮಮ್ಮ ಕಣೇ! ನಮ್ಮಮ್ಮ!" ಎಂದು ಮನೆಗೆ ಬಂದವನೇ ಕುಣಿದ. "ಏನು ಜೋಕು ಹೊಡೆದಿದ್ದಾಳೆ ನೋಡು ಮುದುಕಿ!"

ಪೇಲಾನ್ ನಗಲಿಲ್ಲ. "ರೀ, ಓಣಿಗೆ ಗ್ಯಾಸು ಬಂದು ಎಷ್ಟು ಕಾಲ ಆಯ್ತು? ಯಾರ ಮನೇಲಿದೆ ಕಲ್ಲಿದ್ದಲು?"

"ಅದಕ್ಕೇ ಅಲ್ವೇನೇ ಜೋಕು!"

ಆ ಊರಿನವರು ಮಾಡುವ ತಪ್ಪು ಇದೇ. ಮುದುಕಿ ಗಟ್ಟಿಯಾಗಿ ಕೂಗುತ್ತಿದ್ದಾಳೆ ಎಂದರೆ ಗಟ್ಟಿಯಾಗಿದ್ದಾಳೆ ಎಂದೇ ಲೆಕ್ಕ. ಅವಳು ಸುಮ್ಮನಾದಾಗಷ್ಟೇ ಡಾಕ್ಟರು.

ಗಿರಾಕಿಗಳು ರೈಲಿಳಿದು, ಪೆಟ್ಟಿಗೆ ಎಳೆದುಕೊಂಡು ನೇರ ಓಣಿಗೇ ಬರತೊಡಗಿದರು. ಶಾಂಘೈಯಿಂದ, ಹಾರ್ಬಿನ್ನಿನಿಂದ, ಎಲ್ಲೆಲ್ಲಿಂದಲೋ. ಸಾಲು ಮೇಲಿನ ಬಸ್‌ಸ್ಟಾಪಿನವರೆಗೆ ಬೆಳೆಯಿತು. "ಅಜ್ಜೀ, ಕಲ್ಲಿದ್ದಲು ತಂದಿದೀನಿ, ಬೈರಿ!" ಎನ್ನುವವರು ಕೆಲವರು. ಒಬ್ಬಳಂತೂ ಕಪ್ಪು ಟೀಶರ್ಟಿನ ಮೇಲೆ ಅಜ್ಜಿಯ ಮುಖವನ್ನೇ ಅಚ್ಚು ಹಾಕಿಸಿಕೊಂಡು ಬಂದಿದ್ದಳು. ಪೇಲಾನ್ ಎರಡನೇ ಒಲೆ ಹಚ್ಚಿದಳು.

ಹಳೆಯ ಗಿರಾಕಿ ಮೌ ತಾತನಿಗೆ ಇದು ಹಿಡಿಸಲಿಲ್ಲ. ದೋಣಿ ನಡೆಸಿ ನಿವೃತ್ತನಾದವನು, ದಿನಾ ಬೆಳಗ್ಗೆ ಅದೇ ಸ್ಟೂಲಿನಲ್ಲಿ ಕೂತು ಅಜ್ಜಿಯ ಹತ್ತಿರ ಬೈಸಿಕೊಂಡು, ತಿರುಗಿ ಬೈದು ಹೋಗುವವನು. ಒಂದು ದಿನ ಸಾಲು ಬಿಟ್ಟು ಒಲೆಯ ಪಕ್ಕಕ್ಕೇ ಬಂದ.

"ಪೇಲಾನ್, ನಿಮ್ಮತ್ತೆ ನನ್ನ ಹೆಸರು ಕೇಳಿದ್ಳು."

"ತಮಾಷೆ ಮಾಡಿರ್ತಾರೆ ತಾತ."

"ಮೂವತ್ತು ವರ್ಷದಿಂದ ನನ್ನ 'ಮುರುಕು ಹುಟ್ಟು' ಅಂತ ಕರೀತಾಳೆ ಅವಳು. ಇವತ್ತು 'ನಿಮ್ಮ ಹೆಸರೇನು ಯಜಮಾನ್ರೇ' ಅಂದ್ಳು. ಯಜಮಾನ್ರಂತೆ! ಆಸ್ಪತ್ರೆಗೆ ತೋರಿಸಮ್ಮ. ನನ್ನ ತಮ್ಮನಿಗೂ ಹೀಗೇ ಶುರುವಾಗಿದ್ದು."

ಪೇಲಾನ್‌ಗೆ ಗೊತ್ತಿಲ್ಲದ್ದೇನಲ್ಲ. ಅತ್ತೆ ಒಂದೇ ಬಟ್ಟಲಿಗೆ ಎರಡು ಸಲ ಉಪ್ಪು ಹಾಕುವುದನ್ನು ಕಂಡಿದ್ದಳು. ದುಡ್ಡು ಕೊಟ್ಟವರನ್ನೇ ಮತ್ತೆ ಕೇಳಿ ಜಗಳ ತೆಗೆಯುವುದನ್ನು ಕಂಡಿದ್ದಳು. ಗಿರಾಕಿಗಳು ಅದನ್ನೂ ಆಟವೆಂದು ತಿಳಿದು, ಎರಡನೇ ಸಲ ಕೊಟ್ಟು, ಅದರದ್ದೂ ವಿಡಿಯೋ ಮಾಡಿಕೊಂಡಿದ್ದರು.

ಅವಳು ಫೋನಿನಲ್ಲಿ ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರನ್ನು ನೋಡಲು ಸರದಿ ಚೀಟಿ ತೆಗೆದಳು. ಏಪ್ರಿಲ್ ಮೊದಲ ವಾರಕ್ಕೆ ಸಿಕ್ಕಿತು. ಟಿ.ವಿ.ಯವರೂ ಅದೇ ವಾರ ತಿಂಡಿಯ ಕಾರ್ಯಕ್ರಮಕ್ಕೆ ಚಿತ್ರೀಕರಣ ಮಾಡಲು ಬರುತ್ತೇವೆ ಎಂದರು.

"ಒಂದು ಚೀಟಿ ಹೋದ್ರೆ ಇನ್ನೊಂದು ಸಿಗತ್ತೆ," ಎಂದ ದಾಯೋಂಗ್. "ಟಿ.ವಿ. ಇನ್ನೊಂದು ಸಲ ಬರತ್ತಾ? ನೀನೇ ನೋಡು, ಅಮ್ಮ ದಿನವಿಡೀ ನಿಂತು ಕೆಲಸ ಮಾಡ್ತಾಳೆ. ಊಟ ಮಾಡ್ತಾಳೆ. ಕಾಯಿಲೆಯೋರ ಹಾಗೆ ಕಾಣ್ತಾಳಾ?"

ಪೇಲಾನ್ ಚೀಟಿ ರದ್ದು ಮಾಡಿದಳು. ಮುಂದಿನದು ಮೇ ಮೊದಲ ವಾರದ ಕಾರ್ಮಿಕರ ದಿನದ ರಜೆ ಮುಗಿದ ಮೇಲೆ ಸಿಕ್ಕಿತು.

ಟಿ.ವಿ.ಯವರು ಬಂದ ದಿನ ಅಜ್ಜಿ ಸಪ್ಪಗಿದ್ದಳು. ದೀಪಗಳ ಬೆಳಕಿಗೆ ಕಣ್ಣು ಚಿಕ್ಕದು ಮಾಡಿಕೊಂಡು, ಈರುಳ್ಳಿಸೊಪ್ಪನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದಳು. "ಅಕ್ಕಾ, ಅಜ್ಜಿಗೆ ಸ್ವಲ್ಪ ಹೇಳಿ, ಆ ಕಲ್ಲಿದ್ದಲಿಂದು ಒಂದು ಸಲ ಆಗ್ಲಿ," ಎಂದು ಅವರ ಕಡೆಯ ಹೆಂಗಸು ಮೂರು ಸಲ ಕೇಳಿದಳು. ನಾಲ್ಕನೇ ಸಲಕ್ಕೆ ಪೇಲಾನ್ ಕೈ ಒರೆಸಿಕೊಂಡು ಹೋಗಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಅಮ್ಮಾ. ಮೂಲೇಲಿ ಇಟ್ಟಿದ್ದ ಕಲ್ಲಿದ್ದಲು ಕಾಣ್ತಿಲ್ಲ."

ಅಜ್ಜಿ ಬೆಂಕಿ ತಾಗಿದವಳಂತೆ ಎದ್ದಳು. ಸೌಟು, ಕೂಗು, ಓಟ, ಎಲ್ಲವೂ ಆಯಿತು. ಟಿ.ವಿ.ಯವರು ಚಪ್ಪಾಳೆ ತಟ್ಟಿ, ದೀಪ ಮಡಚಿಕೊಂಡು ಹೋದರು.

ಮಧ್ಯಾಹ್ನ ಅಂಗಡಿ ಮುಚ್ಚಿ ಪೇಲಾನ್ ಮನೆಯೊಳಗೆ ಬಂದರೆ ಅಜ್ಜಿ ಗೋಡೆಯ ಮೂಲೆಯಲ್ಲಿ ಮೊಣಕಾಲೂರಿ ಖಾಲಿ ನೆಲವನ್ನು ತಡಕುತ್ತಿದ್ದಳು. "ಇಲ್ಲೇ ಜೋಡಿಸಿದ್ದೆ. ಸರದಿ ನಿಂತು ತಂದಿದ್ದೆ. ದಾಯೋಂಗ್‌ಗೆ ಹಾಲು ಕಾಯಿಸ್ಬೇಕು, ಮಗು ಹಸಿದಿದೆ," ಎನ್ನುತ್ತಾ ಅಳುತ್ತಿದ್ದಳು. ಪೇಲಾನ್ ಪಕ್ಕದಲ್ಲಿ ಕೂತು, "ಸಿಕ್ತಮ್ಮಾ, ಸಿಕ್ತು, ಪಕ್ಕದ ಮನೆಯೋರು ಎತ್ತಿಟ್ಟಿದ್ರಂತೆ," ಎಂದು ಸುಳ್ಳು ಹೇಳಿ ಬೆನ್ನು ಸವರಿದಳು. ಆಮೇಲೆ ಅಜ್ಜಿಗೆ ನಿದ್ದೆ ಬಂತು. ಪೇಲಾನ್ ಮಾರನೆಯ ದಿನಕ್ಕೆಂದು ಬಟಾಣಿ ನೆನೆಹಾಕಿದಳು.

ಆ ಮಾತನ್ನು ಅವಳು ಮತ್ತೆ ಕಿವಿಯಲ್ಲಿ ಹೇಳಿದಳು. ದಿನಾ ಅಲ್ಲ. ದೂರದಿಂದ ಬಂದವರು ಕಾದು ಕಾದು ಮುಖ ಸಣ್ಣಗೆ ಮಾಡಿಕೊಂಡಾಗ. ಏಪ್ರಿಲ್ ಮುಗಿಯುವ ಹೊತ್ತಿಗೆ ಎಷ್ಟು ಸಲ ಹೇಳಿದೆ ಎಂಬುದು ಅವಳಿಗೇ ನೆನಪಿರಲಿಲ್ಲ. ರಜೆ ಮುಗಿಯಲಿ, ಆಸ್ಪತ್ರೆಗೆ ಹೋಗೋಣ, ಅಂಗಡಿ ಒಂದು ವಾರ ಮುಚ್ಚಿದರೂ ಪರವಾಗಿಲ್ಲ ಎಂದು ದಿನವೂ ಅಂದುಕೊಂಡು ಒಲೆ ಹಚ್ಚುತ್ತಿದ್ದಳು.

ಮೇ ಒಂದನೇ ತಾರೀಖು ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೊಲೀಸರು ಮೇಲಿನಿಂದ ಇಳಿಯುವವರಿಗೆ ಒಂದು ಬದಿ, ಹತ್ತುವವರಿಗೆ ಒಂದು ಬದಿ ಎಂದು ಹಗ್ಗ ಕಟ್ಟಿದ್ದರು. ಷೆನ್ ಕೂಡ ಬಂದಿದ್ದ. ನೇರ ಪ್ರಸಾರ, ಸಾವಿರಾರು ಜನ ನೋಡುತ್ತಿದ್ದಾರೆ ಎಂದ. "ಇವತ್ತು ಹಳೇ ಕಳ್ಳ ವಾಪಸ್ ಬಂದಿದಾನೆ ಅಜ್ಜೀ!" ಎಂದು ಮುಂದೆ ಬಂದು ನಿಂತ.

ಅಜ್ಜಿ ಅವನನ್ನು ನೋಡಿ ತಲೆಬಾಗಿದಳು. "ಬನ್ನಿ, ಕೂತ್ಕೊಳ್ಳಿ. ಬಿಸಿಲಲ್ಲಿ ಬಂದಿದೀರಿ."

ಜನ ಜೋರಾಗಿ ನಕ್ಕರು. ಇದು ಹೊಸ ಆಟ ಎಂದುಕೊಂಡರು.

"ಅಜ್ಜೀ, ಕಲ್ಲಿದ್ದಲು ನಾನೇ ಕದ್ದಿದ್ದು! ಏನ್ ಮಾಡ್ತೀರಾ?"

"ಚಳಿಗೆ ಬೇಕಾಗಿರತ್ತೆ ಬಿಡಿ, ಪಾಪ," ಎಂದಳು ಅಜ್ಜಿ.

ಈ ಸಲ ನಗು ಅಷ್ಟು ಬರಲಿಲ್ಲ. ಹಿಂದಿನಿಂದ ಯಾರೋ, "ಏನಾಯ್ತು, ಬೈತಿಲ್ವಾ? ನಾವು ಬೀಜಿಂಗಿನಿಂದ ಬಂದಿದೀವಿ!" ಎಂದು ಕೂಗಿದರು. ಇನ್ನೊಬ್ಬರು, "ಈಗ ಹೆಸರು ಬಂತಲ್ಲ, ಮುದುಕಿಗೆ ಜಂಬ!" ಎಂದರು. ಪೇಲಾನ್ ನೂಡಲ್ಸ್ ಹಾಕಿದ ಜರಡಿಯನ್ನು ಕುದಿಯುವ ನೀರಿನಲ್ಲೇ ಬಿಟ್ಟು ಬಂದಳು. ಎಲ್ಲ ಫೋನುಗಳೂ ಅವಳ ಕಡೆ ತಿರುಗಿದವು. ಅವಳು ಬಗ್ಗಿ ಅದೇ ಮಾತನ್ನು ಕಿವಿಯಲ್ಲಿ ಹೇಳಿದಳು. ಏನೂ ಆಗಲಿಲ್ಲ. ಮತ್ತೆ ಹೇಳಿದಳು. ಕೊನೆಗೆ, "ಅಮ್ಮಾ, ನನ್ನನ್ನಾದ್ರೂ ಬೈಯಿ. ನೋಡು, ನೂಡಲ್ಸ್ ನೀರಲ್ಲೇ ಬಿಟ್ಟು ಬಂದಿದೀನಿ, ಮುದ್ದೆ ಆಗ್ತಿದೆ. ಬೈಯಮ್ಮಾ," ಎಂದಳು.

ಅಜ್ಜಿ ಸೊಸೆಯ ಮುಖವನ್ನು ನೋಡಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗುರುತೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ನೋಡಿದಳು.

"ನಿಮ್ಮನ್ನ್ಯಾಕೆ ಬೈಲಿ ತಾಯಿ? ನೀವು ಬಹಳ ಒಳ್ಳೆಯೋರ ಹಾಗೆ ಕಾಣ್ತೀರಿ," ಎಂದಳು. ಆಮೇಲೆ ಸಂಕೋಚದಿಂದ, ಮೆಲ್ಲಗೆ, "ಈ ಅಂಗಡಿ ನಿಮ್ಮದೇನ್ರೀ? ಒಂದು ಬಟ್ಟಲಿಗೆ ಎಷ್ಟಾಗತ್ತೆ?" ಎಂದು ಕೇಳಿದಳು.

ಪೇಲಾನ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಷೆನ್ ಅವಳ ಮುಖ ನೋಡಿದ. ಏನು ಅರ್ಥವಾಯಿತೋ, ಕೋಲನ್ನು ಕೆಳಗಿಳಿಸಿ ಫೋನು ಆರಿಸಿದ. ಬೇರೆ ಯಾರೂ ಆರಿಸಲಿಲ್ಲ. ಸಾಲನ್ನು ಸೀಳಿಕೊಂಡು ಮೌ ತಾತ ಹಗ್ಗ ದಾಟಿ ಬಂದು, "ಆಟ ಮುಗೀತು, ನಡೀರಿ! ಕಿವಿ ಕೇಳಲ್ವಾ? ಮನೇಲಿ ನಿಮಗೆ ಅಜ್ಜಿ ಇಲ್ವಾ?" ಎಂದು ಕಿರುಚಿದ. ಅದನ್ನೂ ಕೆಲವರು ವಿಡಿಯೋ ಮಾಡಿಕೊಂಡರು. ಒಳ್ಳೆಯ ಬೈಗುಳ ಎಂದು ಮೆಚ್ಚಿದರು.

ರಜೆ ಮುಗಿಯುವವರೆಗೆ ಕಾಯಲಿಲ್ಲ. ದಾಯೋಂಗ್ ತಾಯಿಯನ್ನು ಅದೇ ಕಾರಿನಲ್ಲಿ ತುರ್ತು ಚಿಕಿತ್ಸೆಯ ಬಾಗಿಲಿಗೆ ಕರೆದೊಯ್ದ. ದಾರಿಯುದ್ದಕ್ಕೂ ಅಜ್ಜಿ, "ನಿಮಗೆ ತೊಂದರೆ ಕೊಟ್ಟೆ" ಎನ್ನುತ್ತಲೇ ಇದ್ದಳು. ಮಗ ಸಿಗ್ನಲ್ಲಿನಲ್ಲಿ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಅತ್ತದ್ದನ್ನು ಹಿಂದಿನ ಗಾಡಿಗಳು ಹಾರನ್ ಹೊಡೆದು ನಿಲ್ಲಿಸಿದವು.

ತಲೆಯ ಫೋಟೊ ನೋಡಿದ ಡಾಕ್ಟರು ಹೆಂಗಸು. ಅವಳೂ ಆ ಊರಿನವಳೇ, ಆದರೆ ಮೆಲ್ಲಗೆ ಮಾತಾಡಿದಳು. ಇದು ಮರೆವಿನ ಕಾಯಿಲೆ, ಈಚೆಗೆ ಮಿದುಳಿನ ಒಂದು ಕಡೆ ರಕ್ತವೂ ಸ್ವಲ್ಪ ಹೆಪ್ಪುಗಟ್ಟಿದೆ ಎಂದಳು.

"ಮೊದಲು ಬದಲಾವಣೆ ಕಂಡಿದ್ದು ಯಾವಾಗ?"

ದಾಯೋಂಗ್ ಹೆಂಡತಿಯ ಕಡೆ ನೋಡಿದ.

"ನವೆಂಬರಿನಲ್ಲಿ," ಎಂದಳು ಪೇಲಾನ್. "ಅದರ ವಿಡಿಯೋನೂ ಇದೆ."

"ಆಗ ಬಂದಿದ್ರೆ ಗುಣ ಮಾಡ್ತಿದ್ದೆವು ಅಂತ ನಾನು ಹೇಳಲ್ಲ. ಇದು ಗುಣ ಆಗೋದಲ್ಲ. ಔಷಧಿಯಿಂದ ನಿಧಾನ ಮಾಡಬಹುದಿತ್ತು. ದಿನವಿಡೀ ಗಲಾಟೆಯಲ್ಲಿ ಇರಿಸಬಾರದಿತ್ತು, ಗಾಬರಿ ಮಾಡಿಸಬಾರದಿತ್ತು. ಇನ್ನೊಂದಿಷ್ಟು ಕಾಲ ನಿಮ್ಮನ್ನ ಗುರುತು ಹಿಡೀತಿದ್ರು. ಎಷ್ಟು ಕಾಲ ಅಂತ ಯಾರೂ ಹೇಳಕ್ಕಾಗಲ್ಲ."

"ಗಾಬರಿ ಮಾಡಿಸಿದ್ದು ನಾನೇ," ಎಂದಳು ಪೇಲಾನ್. ಡಾಕ್ಟರು ಔಷಧಿ ಬರೆದಳು.

ಬೇಸಿಗೆ ಮುಗಿಯುವುದರೊಳಗೆ ಜನ ನದಿಯಾಚೆ ಬೇರೆ ಕಡೆಗೆ ಹೋದರು. ಅಲ್ಲಿ ಯಾರೋ ಹಾಡುತ್ತಾ ಮಾಂಸ ಸುಡುತ್ತಾನಂತೆ. ಪೇಲಾನ್ ಎರಡನೇ ಒಲೆಯನ್ನು ಗುಜರಿಯವನಿಗೆ ಮಾರಿದಳು. ಮೌ ತಾತ ಹಳೆಯ ಸ್ಟೂಲಿಗೆ ಹಿಂತಿರುಗಿದ. ಬಟ್ಟಲಿಗೆ ಖಾರದೆಣ್ಣೆಯನ್ನು ಈಗ ಪೇಲಾನ್‌ಳೇ ಹಾಕುತ್ತಾಳೆ. ಅಜ್ಜಿ ಮನೆಯೊಳಗೆ ಕಿಟಕಿಯ ಹತ್ತಿರ ಕೂತು ಊಟ ಕೊಟ್ಟವರಿಗೆ ತಲೆಬಾಗಿ ವಂದಿಸುತ್ತಾಳೆ. ಸೊಸೆಯನ್ನು 'ನೀವು' ಎನ್ನುತ್ತಾಳೆ. ಒಮ್ಮೆ ಪೇಲಾನ್ ಬೇಕೆಂದೇ ನೂಡಲ್ಸನ್ನು ಮುದ್ದೆಯಾಗಿ ಬೇಯಿಸಿ ತಂದಿಟ್ಟಳು. ಅಜ್ಜಿ ಪೂರ್ತಿ ತಿಂದು, ಬಹಳ ರುಚಿಯಾಗಿತ್ತು ಎಂದಳು.

ಆ ಆರು ತಿಂಗಳ ವ್ಯಾಪಾರದಿಂದ ಎರಡು ವರ್ಷದ ಬಾಡಿಗೆ ಮುಂಗಡವಾಗಿ ಕಟ್ಟಿದರು, ದಾಯೋಂಗ್‌ನ ಕಾರಿನ ಕಂತು ತೀರಿತು. ಬಂದದ್ದು ಅಷ್ಟು. ಅದೇ ಆರು ತಿಂಗಳಲ್ಲಿ ಪೇಲಾನ್‌ಳನ್ನು ಬಲ್ಲ ಅತ್ತೆ ಹೋದಳು. ಇನ್ನೊಂದಿಷ್ಟು ದಿನ ಅವಳನ್ನು ಉಳಿಸಿಕೊಳ್ಳಬಹುದಿತ್ತು. ಪೇಲಾನ್ ಉಳಿಸಿಕೊಳ್ಳಲಿಲ್ಲ.