ಬೀರುವಿನ ಎಡಬಾಗಿಲು

ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬಾರದ ನಮ್ಮಂಥವರು ಪಾಲಿಶ್ ಕೆಲಸದವನ ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಮನ್ನಿಸಬೇಕು. ಹೇಳದೆ ಇಟ್ಟುಕೊಂಡರೂ ಸಮಾಧಾನವಿಲ್ಲ.

ಜೊತೆಗಾರರು ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಹಳೆಯ ಮರದ ಸಾಮಾನುಗಳಿಗೆ ಹೊಸ ಹೊಳಪು ಕೊಡುವುದು ಅವನ ಕಸುಬು. ಮೆಷಿನ್ ಮುಟ್ಟುವುದಿಲ್ಲ, ಕೈಯಲ್ಲೇ ಉಜ್ಜುತ್ತೇನೆ ಎಂಬುದು ಅವನ ಹೆಮ್ಮೆ. ಅಣ್ಣನ ಜೊತೆ ವಾಸವಿದ್ದ ಶಾಲೆಯ ಟೀಚರಮ್ಮ ತಮ್ಮ ಬೀರುವಿನ ಪಾಲಿಶ್‌ಗೆ ಅವನನ್ನು ಕರೆಸಿದ್ದೂ ಅದಕ್ಕೇ.

ಅವರದು ಪ್ಲೈವುಡ್ ಬೀರು. ಮೇಲೆ ಅಂಟಿಸಿದ ತೇಗದ ಪದರ ಉಗುರಿನಷ್ಟೂ ದಪ್ಪವಿಲ್ಲ. ನೀರು ಕುಡಿದು ಉಬ್ಬಿದ ಕಡೆಗಳಲ್ಲಿ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿ, ಪದರವನ್ನು ಮತ್ತೆ ಕೂರಿಸುವುದರಲ್ಲೇ ಮೂರು ದಿನ ಹೋಯಿತು.

"ನಿಧಾನಪ್ಪ ಅಂತ ಕೇಳಿದ್ದೆ. ಇಷ್ಟು ನಿಧಾನ ಅಂತ ಗೊತ್ತಿರ್ಲಿಲ್ಲ. ಬಟ್ಟೆಗಳೆಲ್ಲ ಮಂಚದ ಮೇಲೆ, ನಾನು ನೆಲದ ಮೇಲೆ!" ಟೀಚರಮ್ಮ ನಗುತ್ತಲೇ ಚುಚ್ಚಿದರು.

ಮಾತು ನಾಟಿತು. ಮರುದಿನ ಅವರು ಶಾಲೆಗೆ ಹೋದಮೇಲೆ, ಅವರ ವಯಸ್ಸಾದ ಅಣ್ಣ ಹೊರಗೆ ತಿರುಗಾಡಲು ಹೋಗಿದ್ದಾಗ, ಅವನು ಜೊತೆಗಾರನಿಂದ ಬೇಡಿ ತಂದಿದ್ದ ಉಜ್ಜುವ ಮೆಷಿನ್ನನ್ನು ಚೀಲದಿಂದ ತೆಗೆದ. ಬಲಬಾಗಿಲು ಚೆನ್ನಾಗೇ ಆಯಿತು. ಎಡಬಾಗಿಲಿನಲ್ಲಿ ಮೆಷಿನ್ ಒಂದು ಕ್ಷಣ ಒಂದೇ ಕಡೆ ನಿಂತಿತು, ಅಷ್ಟೇ. ತೇಗದ ಗೆರೆಗಳು ಅಳಿಸಿಹೋಗಿ, ಅಂಗೈಯಗಲದ ಬಿಳಿಚಿದ ಪ್ಲೈವುಡ್ ಕಣ್ಣುಬಿಟ್ಟಿತು.

ಮೆಷಿನ್ ಮತ್ತೆ ಚೀಲ ಸೇರಿತು. ಸಂಜೆ ಟೀಚರಮ್ಮ, "ಇದೇನಿದು ಬೋಳು?" ಎಂದಾಗ ಅವನ ಬಾಯಿಂದ ಸುಳ್ಳು ಸಲೀಸಾಗಿ ಬಂತು.

"ಹಿಂದೆ ಯಾರೋ ಬಾರದವ್ರು ಪಾಲಿಶ್ ಮಾಡಿದಾರೆ ಮೇಡಂ. ಜಾಸ್ತಿ ಉಜ್ಜಿಬಿಟ್ಟಿದಾರೆ. ಹಳೇ ಬಣ್ಣ ತೆಗೆದ ಕೂಡ್ಲೇ ಬಯಲಾಯ್ತು."

ಟೀಚರಮ್ಮ ಅಣ್ಣನತ್ತ ತಿರುಗಿದರು. ಕುರ್ಚಿಯಲ್ಲಿದ್ದ ಅಣ್ಣ ಮೆಲ್ಲಗೆ ಎದ್ದು ಬಂದರು.

"ಆ ಬಾರದವನು ನಾನೇ ಕಣಪ್ಪಾ. ಇವಳು ಕೆಲಸಕ್ಕೆ ಸೇರಿದ ವರ್ಷ ನಾನೇ ಪಾಲಿಶ್ ಹಾಕಿಕೊಟ್ಟಿದ್ದೆ. ಕೆಡಿಸಿಬಿಟ್ಟೆನಲ್ಲಮ್ಮಾ."

"ಬಿಡಣ್ಣಾ. ನೀನು ಮೊಳೆ ಹೊಡೆದ್ರೆ ಗೋಡೇನೇ ಓಡಿಹೋಗ್ತಿತ್ತು. ಇದಾದ್ರೂ ನಿಂತಿದೆ."

ಅಣ್ಣ ನಗಲಿಲ್ಲ. ಆ ಬೋಳು ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದರು. ನಿಧಾನಪ್ಪ ಬ್ರಷ್ಷು, ಡಬ್ಬಿಗಳನ್ನು ಅಲ್ಲೇ ಬಿಟ್ಟು ಕಳ್ಳನಂತೆ ಹೊರಬಿದ್ದ.

ಮನೆಯಲ್ಲಿ ಊಟದ ತಟ್ಟೆಯನ್ನು ಹಾಗೇ ಸರಿಸಿದ. ಹೆಂಡತಿ ಬಿಡದೆ ಕೇಳಿದಾಗ ಎಲ್ಲ ಹೇಳಿದ.

"ಮೆಷಿನ್ ಮುಟ್ಟಿದ್ದು ಹಾಗಿರ್ಲಿ. ಅದನ್ನ ಆ ಹಿರಿಯರ ತಲೆಗೆ ಕಟ್ಟಿ ಬಂದಿದೀರಲ್ಲ, ನಿಮಗೆ ಏನನ್ನಿಸ್ಲಿಲ್ವಾ?"

ಅನ್ನಿಸಿತ್ತು.

ಬೆಳಗ್ಗೆ ಹೋದಾಗ ಅಣ್ಣ ಆಗಲೇ ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಅವನ ಸಣ್ಣ ಬ್ರಷ್ಷು ಅವರ ಕೈಯಲ್ಲಿತ್ತು. "ಬಾಪ್ಪಾ, ಹೇಗೆ ಅಂತ ಹೇಳಿಕೊಡು. ನಾನು ಮಾಡಿದ್ದನ್ನ ನಾನೇ ಸರಿ ಮಾಡ್ತೀನಿ."

ನಿಧಾನಪ್ಪ ಅವರೆದುರು ನೆಲದ ಮೇಲೆ ಕೂತ. "ನೀವಲ್ಲ ಸಾರ್. ನಾನು. ನಿನ್ನೆ ಮೆಷಿನ್ ತಂದಿದ್ದೆ."

ಶಾಲೆಗೆ ಹೊರಟಿದ್ದ ಟೀಚರಮ್ಮ ಬಾಗಿಲಲ್ಲೇ ನಿಂತರು. "ಕೈಕೆಲಸ ಅಂತಲ್ವಾ ನಿನ್ನನ್ನ ಕರೆಸಿದ್ದು? ಹೋಗ್ಲಿ, ನಮ್ಮಣ್ಣ ರಾತ್ರಿಯೆಲ್ಲ ಕೊರಗಿದ್ದಾನೆ, ಗೊತ್ತಾ?"

"ಇರ್ಲಿ ಬಿಡಮ್ಮಾ," ಎಂದರು ಅಣ್ಣ. "ಅವತ್ತು ನಾನೂ ಅದೇ ಜಾಗದಲ್ಲಿ ಜಾಸ್ತಿ ಉಜ್ಜಿದ್ದು ನಿಜ. ಪದರ ಅಲ್ಲಿ ಸವೆದೇ ಇತ್ತು."

ಟೀಚರಮ್ಮ ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟುಹೋದರು.

ಗೆರೆ ಹೊಂದುವ ತೇಗದ ಪದರದ ತುಂಡು ಹುಡುಕಿ, ಕೊರೆದು ಅಂಟಿಸಿ, ಕೈಯಲ್ಲೇ ಉಜ್ಜಿ ಮುಗಿಸಲು ಅವನಿಗೆ ಐದು ದಿನ ಹಿಡಿಯಿತು. ಅಷ್ಟೂ ದಿನ ಟೀಚರಮ್ಮ ಅವನೊಡನೆ ಮಾತಾಡಲಿಲ್ಲ. ಬೆಳಕು ಓರೆಯಾಗಿ ಬಿದ್ದರೆ ತೇಪೆಯ ಅಂಚು ಈಗಲೂ ಕಾಣುತ್ತದೆ.

ಅಣ್ಣ ಅಂದು ನಿಜವಾಗಿಯೂ ಅಲ್ಲಿ ಹೆಚ್ಚು ಉಜ್ಜಿದ್ದರೋ, ಅಥವಾ ನೆಲದಲ್ಲಿ ಕೂತವನ ಮುಖ ನೋಡಲಾರದೆ ಹಾಗೆಂದರೋ, ಕೇಳಲು ನಿಧಾನಪ್ಪನಿಗೆ ಬಾಯಿ ಬರಲಿಲ್ಲ. ಹಾಗಾಗಿ ಅದು ನಮಗೂ ಗೊತ್ತಿಲ್ಲ.