ಎದುರಂಗಡಿಯವಳ ಆಯ್ಕೆ

ತನ್ನ ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿಹೋದ ಮೇಲೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲೇ ಆನ್‌ಲೈನ್ ವ್ಯಾಪಾರ ಶುರು ಮಾಡಿದ. ಸಗಟು ವ್ಯಾಪಾರಿಯಿಂದ ಸಾಮಾನು ತರಿಸುವುದು ಅವನ ಪಾಲು. ಡಬ್ಬಕ್ಕೆ ತುಂಬಿ, ಟೇಪು ಸುತ್ತಿ, ಕೊರಿಯರಿನವನಿಗೆ ಒಪ್ಪಿಸುವುದು ಅಕ್ಕನ ಪಾಲು. ಆದರೆ ತರಿಸುವುದೇನನ್ನು? ಸ್ವಂತ ಬುದ್ಧಿಯನ್ನು ನಂಬಿ ತರಿಸಿದ ಗೋಡೆ ಗಡಿಯಾರಗಳು ಮಂಚದ ಕೆಳಗೆ ಧೂಳು ತಿನ್ನುತ್ತಿದ್ದವು.

ಕ್ರಮೇಣ ಬೇರೆಯವರ ಅಂಗಡಿಗಳ ಮೇಲೆ ಕಣ್ಣಿಡುವುದನ್ನು ಕಲಿತ. ಯಾವುದು ಬೇಗ ಖಾಲಿಯಾಗುತ್ತದೆ, ಕೊಂಡವರು ಏನೆಂದು ಗೊಣಗುತ್ತಾರೆ ಎಂದು ನೋಡುತ್ತಿದ್ದ. ಹೊಗಳಿಕೆ ಬಿಟ್ಟು ದೂರುಗಳನ್ನಷ್ಟೇ ಓದುತ್ತಿದ್ದ. ಊಟಕ್ಕೆ ಕೂತರೂ ಫೋನು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾಯುವಾಗಲೂ ಫೋನು. ಹಾಗೆ ಕಣ್ಣಿಗೆ ಬಿದ್ದದ್ದು ಹೆಂಗಸೊಬ್ಬಳು ನಡೆಸುತ್ತಿದ್ದ ‘ಮನೆಮೂಲೆ’ ಎಂಬ ಪುಟ್ಟ ಆನ್‌ಲೈನ್ ಅಂಗಡಿ. ಅಲ್ಲಿಟ್ಟ ಸಾಮಾನು ನಿಲ್ಲುತ್ತಲೇ ಇರಲಿಲ್ಲ.

ಮೊದಲು ಊರುಗೋಲು. ಅದರ ರಬ್ಬರ್ ತುದಿ ಬೇಗ ಸವೆಯುತ್ತದೆ ಎಂಬ ದೂರುಗಳಿದ್ದವು. ಇವನು ದಪ್ಪ ತುದಿಯದನ್ನು ಹುಡುಕಿ ತರಿಸಿದ. ತಂದದ್ದೇ ತಡ, ಖಾಲಿ. ನಂತರ ಬಚ್ಚಲಲ್ಲಿ ಕೂತು ಮೀಯುವ ಸ್ಟೂಲು ಬಂತು. ಆಮೇಲೆ ಮಲಗಿದ್ದಂತೆಯೇ ಕುಡಿಯುವ ಕೊಳವೆ ಲೋಟ, ಮಂಚದ ಪಕ್ಕಕ್ಕೆ ಸಿಕ್ಕಿಸುವ ಕಂಬಿ. ಅವಳು ಇಟ್ಟದ್ದನ್ನೆಲ್ಲ ಇವನೂ ಇಟ್ಟ.

“ಇವರ ಮನೇಲಿ ಯಾರೋ ಹಾಸಿಗೆ ಹಿಡಿದಿದಾರೆ ಕಣೋ,” ಎಂದಳು ಅಕ್ಕ, ಲೋಟಕ್ಕೆ ಕಾಗದ ಸುತ್ತುತ್ತಾ. ವ್ಯಾಪಾರದಲ್ಲಿ ಪಳಗಿದವರಿಗೆ ಗಿರಾಕಿಯ ನಾಡಿ ಗೊತ್ತಿರುತ್ತದೆ, ಅಷ್ಟೇ ಎಂದು ಅವನು ತಳ್ಳಿಹಾಕಿದ.

ಎಷ್ಟು ದಿನ ಹಿಂದೆಯೇ ಓಡುವುದು? ಒಮ್ಮೆಯಾದರೂ ಅವಳಿಗಿಂತ ಮುಂದಿರಬೇಕೆಂಬ ಚಡಪಡಿಕೆ ಹತ್ತಿತು. ಕಂಬಿಯ ನಂತರ ಏನು ಬರಬಹುದೆಂದು ಲೆಕ್ಕ ಹಾಕಿ, ಬೆನ್ನು ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆ ತರಿಸಿದ. ಅದರ ಪಂಪು ವಿಪರೀತ ಸದ್ದು ಮಾಡುತ್ತದೆಂದು ಬೇರೆಡೆ ಜನ ಬರೆದದ್ದನ್ನು ಓದಿಯೂ ಇದ್ದ. ಒಳ್ಳೆಯದನ್ನು ಹುಡುಕುತ್ತಾ ಕೂತರೆ ಅವಳು ಮುಂದಾಗುತ್ತಾಳೆಂದು ಸುಮ್ಮನಾದ. ಹಾಸಿಗೆಗಳು ಮಾರಾಟವಾದವು.

ಅಲ್ಲಿಂದಾಚೆ ‘ಮನೆಮೂಲೆ’ಯಲ್ಲಿ ಹೊಸದೇನೂ ಬರಲಿಲ್ಲ. ಗೆದ್ದೆ ಎಂದುಕೊಂಡ. ಆದರೂ ಒಂದು ಕಡೆ ನಿಲ್ಲಲಾರದೆ ಒಳಗೆ ಹೊರಗೆ ಓಡಾಡಿದ. ಕೊನೆಗೆ ಗಿರಾಕಿಯೆಂದು ಹೇಳಿಕೊಂಡು ಆ ಅಂಗಡಿಯ ನಂಬರಿಗೆ ಫೋನ್ ಮಾಡಿದ.

ಅವಳೇ ಫೋನ್ ಎತ್ತಿದಳು. “ಇನ್ನೇನೂ ಬರಲ್ಲ ಸಾರ್. ಎಲ್ಲಾ ನಮ್ಮಪ್ಪನಿಗೆ ಅಂತ ಹುಡುಕಿದ್ದು. ಒಳ್ಳೇದು ಅನ್ನಿಸಿದ್ದು ನಾಲ್ಕು ಜನಕ್ಕೂ ಸಿಗಲಿ ಅಂತ ಇಡ್ತಿದ್ದೆ. ಅಪ್ಪ ತೀರಿಕೊಂಡ್ರು.”

ಅವಳೇ ಮುಂದುವರಿಸಿದಳು. ಗಾಳಿ ಹಾಸಿಗೆ ಬೇಕಿದ್ದರೆ ಹುಷಾರಾಗಿ ನೋಡಿ ಕೊಳ್ಳಿ ಎಂದು ಹೇಳಿ, ತಾನು ಕೊಂಡ ಅಂಗಡಿಯ ಹೆಸರು ಹೇಳಿದಳು. ಅದು ಅವನದೇ ಅಂಗಡಿ.

“ಪಂಪಿನ ಸದ್ದಿಗೆ ಅಪ್ಪ ಕಣ್ಣು ಮುಚ್ಚಲಿಲ್ಲ. ಆರಿಸಿದ್ರೆ ಬೆನ್ನು ನೋವು, ಹಾಕಿದ್ರೆ ನಿದ್ದೆ ಇಲ್ಲ. ಕೊನೇ ವಾರ ಹಾಗೇ ಹೋಯ್ತು.”

“ಆ ಅಂಗಡಿ ನಂದೇ ಅಮ್ಮಾ,” ಎಂದ ಅವನು. “ಸದ್ದು ಮಾಡುತ್ತೆ ಅಂತ ನನಗೆ ಗೊತ್ತಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. “ಮಿಕ್ಕವರಿಗಾದ್ರೂ ಹೇಳಿ,” ಎಂದು ಅವಳು ಫೋನ್ ಇಟ್ಟಳು.

ಅವನು ಹಾಸಿಗೆಯನ್ನು ಅಂಗಡಿಯಿಂದ ತೆಗೆದು, ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದ. ಅಕ್ಕ ಕತ್ತರಿ ಬದಿಗಿಟ್ಟು ತನ್ನ ಫೋನ್ ಎತ್ತಿಕೊಂಡಳು. ಸದ್ದಿನಿಂದ ತೊಂದರೆಯಾಗಿದ್ದರೆ ಹಾಸಿಗೆ ವಾಪಸು ತೆಗೆದುಕೊಳ್ಳುತ್ತೇವೆಂದು ಕೊಂಡವರಿಗೆಲ್ಲ ಇಬ್ಬರೂ ಫೋನ್ ಮಾಡತೊಡಗಿದರು. ಒಬ್ಬರು ಸದ್ದಿದ್ದರೂ ಪರವಾಗಿಲ್ಲ, ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದರು. ಇನ್ನೊಬ್ಬರು ಆಗಲೇ ಮಡಿಸಿ ಅಟ್ಟಕ್ಕೆ ಹಾಕಿದ್ದೇವೆ ಎಂದರು. ಯಾಕೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಮುಂದಿನ ನಂಬರು ಒತ್ತಿ ಮತ್ತೆ ಓಡಾಡತೊಡಗಿದ.